ಟ್ರಿಮ್ ತಂತಿ ಮತ್ತು ನೋಡದೆ ಹಾಕಿದ ಸಹಿ

ಏಳು ವರ್ಷದ ಹಿಂದೆ ನಾನು ದೂರದ ಊರೊಂದರ ವಿಮಾನ ದುರಸ್ತಿ ಹ್ಯಾಂಗರಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ನನ್ನೂರು ತಿಳವಳ್ಳಿ. ನನಗೆ ಕೆಲಸ ಕಲಿಸಿದ ವೀರಣ್ಣ ಸವಣೂರಿನವರು. ಅಲ್ಲಿ ನಮ್ಮ ಕಡೆಯವರೆಂದರೆ ನಾವಿಬ್ಬರೇ. ಅವರ ಎದುರು ಕುರ್ಚಿಯಲ್ಲಿ ಕೂರಲೂ ಹಿಂಜರಿಯುತ್ತಿದ್ದ ನಾನು ಅವರ ಕೆಲಸವನ್ನೇ ಪರೀಕ್ಷಿಸುವ ಹುದ್ದೆಗೆ ಬಂದಿದ್ದೆ!

ವಿಮಾನದ ಮೂತಿ ತಾನಾಗಿ ಏಳದಂತೆ, ಬಾಗದಂತೆ ಬಾಲದ ಅಡ್ಡರೆಕ್ಕೆಯನ್ನು ತುಸು ಹೊರಳಿಸುವುದಕ್ಕೆ ಟ್ರಿಮ್ ಎನ್ನುತ್ತಾರೆ. ಹೊರಳಿಸುವುದು ವಿದ್ಯುತ್ ಮೋಟಾರು. ಅದಕ್ಕೆ ಅಪ್ಪಣೆ ಎರಡು ಕಡೆಯಿಂದ ಹೋಗುತ್ತದೆ. ಒಂದು, ಪೈಲಟ್ ಹೆಬ್ಬೆರಳಿನಿಂದ ಒತ್ತುವ ಸ್ವಿಚ್ಚು. ಇನ್ನೊಂದು, ಆಟೊಪೈಲಟ್ ನಡೆಸುವ ಫ್ಲೈಟ್ ಕಂಟ್ರೋಲ್ ಕಂಪ್ಯೂಟರು. ತಂತಿ ಬೇರೆ ಬೇರೆ, ಮೋಟಾರು ಒಂದೇ.

ಸವೆದ ತಂತಿಗಳನ್ನು ವೀರಣ್ಣ ಬದಲಿಸಿದ್ದರು. ಇಂಥ ಕೆಲಸವನ್ನು ಎರಡನೆಯವನೊಬ್ಬ ಕಣ್ಣಾರೆ ನೋಡಿಯೇ ಸಹಿ ಹಾಕಬೇಕು. ಪೈಲಟ್ ಸ್ವಿಚ್ ಒತ್ತಿ ನೋಡಿದೆವು, ರೆಕ್ಕೆ ಸರಿಯಾಗಿ ಹೊರಳಿತು.

"ಎಲ್ಲಾ ಛಲೋ ಐತಿ. ಸಹಿ ಹಾಕು ತಮ್ಮಾ."

ಕಂಪ್ಯೂಟರ್ ಕಡೆಯ ಪರೀಕ್ಷೆ ಆಯಿತೇ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವರನ್ನು ನಂಬಲಿಲ್ಲವೆಂದು ಆಗುತ್ತಿತ್ತು. ಸಹಿ ಹಾಕಿ, ರಜೆಯ ಮೇಲೆ ಊರಿಗೆ ಹೊರಟೆ.

ಮರುದಿನ ಮಧ್ಯಾಹ್ನ ಬಸ್ಸು ಶಿಗ್ಗಾವಿಯಲ್ಲಿ ನಿಂತಿತ್ತು. ಚಹಾ ಕುಡಿಯುತ್ತಿದ್ದರೂ ಮನಸ್ಸಿನ ಕಸಿವಿಸಿ ಹೋಗಲಿಲ್ಲ. ವೀರಣ್ಣನವರಿಗೆ ಫೋನ್ ಮಾಡಿದೆ.

"ಅಣ್ಣಾರ, ಕಂಪ್ಯೂಟರ್ ಕಡೀದು ಯಾವಾಗ ಟೆಸ್ಟ್ ಮಾಡಿದ್ರಿ?"



"ನೀ ಮಾಡಿರ್ತೀ ಅನ್ಕೊಂಡಿದ್ನಲ್ಲೋ! ಅದರ ಕೋರ್ಸ್ ಮಾಡಿದಾಂವ ನೀನ. ನಿನ್ನ ಹೆಂಗ ಕೇಳ್ಲಿ?"

 ದುರಸ್ತಿಯ ನಂತರದ ಮೊದಲ ಹಾರಾಟಕ್ಕೆ ಅರ್ಧ ಗಂಟೆಯಷ್ಟೇ ಉಳಿದಿದೆ, ಜನ ಹತ್ತುತ್ತಿದ್ದಾರೆ ಎಂದು ಅವರೇ ಹೇಳಿದರು.

"ಮೊದ್ಲ ವಿಮಾನ ನಿಲ್ಲಸು, ಸಹಿ ಹಾಕಿದಾಂವ ನೀ ಹೇಳಿದ್ರ ಕೇಳ್ತಾರ. ನನ್ನ ಮಾನ ಆಮ್ಯಾಲ," ಎಂದರು ವೀರಣ್ಣ.

ಶಿಫ್ಟ್ ಇನ್‌ಚಾರ್ಜ್‌ಗೆ ಫೋನ್ ಹಚ್ಚಿದೆ. ಕೆಲಸದಲ್ಲಿ ತಪ್ಪಿರುವುದು ಖಾತ್ರಿಯೇ ಎಂದು ಕೇಳಿದರು. "ಗೊತ್ತಿಲ್ಲ ಸರ್. ನೋಡದೆ ಸಹಿ ಹಾಕಿದ್ದೇನೆ," ಎಂದೆ. ಆ ಮಾತಿಗೆ ನನ್ನ ಲೈಸೆನ್ಸ್ ಹೋಗುತ್ತದೆಂದು ಗೊತ್ತಿತ್ತು. ಆದರೂ ಹೆದರಿಕೆಯಿದ್ದದ್ದು ಅದಕ್ಕಲ್ಲ, ಅವರು ವಿಮಾನ ನಿಲ್ಲಿಸುತ್ತಾರೋ ಇಲ್ಲವೋ ಎಂದು.

ಬಸ್ಸು ಹೊರಟುಹೋಯಿತು. ನಾನು ಕಟ್ಟೆಯ ಮೇಲೆ ಕುಳಿತು ಫೋನನ್ನೇ ನೋಡುತ್ತಿದ್ದೆ. ಚಹಾದ ಅಂಗಡಿಯಾಕೆ ನೀರು ತಂದುಕೊಟ್ಟು, "ಯಾಕ್ರೀ, ಮೈಯಾಗ ಆರಾಮಿಲ್ಲೇನ್ರೀ?" ಎಂದರು.

ಎರಡು ತಾಸಿನ ಮೇಲೆ ಫೋನ್ ಬಂತು. ಜನರನ್ನು ಇಳಿಸಿ ನೋಡಿದ್ದರು. ಎರಡು ತಂತಿ ಅದಲುಬದಲಾಗಿದ್ದವು. ಕಂಪ್ಯೂಟರ್ ಮೂತಿ ಎತ್ತು ಎಂದರೆ ಮೋಟಾರು ಇಳಿಸುತ್ತಿತ್ತು. ಮೋಟಾರಿನ ಕರೆಂಟನ್ನೇ ಕಡಿದುಹಾಕುವ ಸ್ವಿಚ್ಚು ಪೈಲಟ್ಟರ ಬಳಿ ಇರುತ್ತದೆ, ನಿಜ. ಅದಕ್ಕೆ ಕೈ ಹಾಕುವಷ್ಟು ಹೊತ್ತು ಅವರಿಗೆ ಸಿಗುತ್ತಿತ್ತೇ?

ನನ್ನ ಲೈಸೆನ್ಸನ್ನು ಕೆಲವು ತಿಂಗಳು ಅಮಾನತು ಮಾಡಿದರು. ವೀರಣ್ಣ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡು, ತಾವಾಗಿಯೇ ತಂತಿಯ ಕೆಲಸ ಬಿಟ್ಟರು.

ಈಗ ತಂತಿಯ ಕೆಲಸ ಮಾಡುವವನು ನಾನು, ಅದನ್ನು ಪರೀಕ್ಷಿಸುವವಳು ಹಿರೇಕೆರೂರಿನ ಹುಡುಗಿ. ಮೊನ್ನೆ ಅವಳು ಪೆನ್ನು ಹಿಡಿದೇ ಬಂದಳು. "ನೀವು ಮಾಡಿದ್ಮ್ಯಾಲ ನಾ ಏನ್ ನೋಡೂದೈತ್ರಿ ಅಣ್ಣಾರ?"

ಅಷ್ಟು ಗೌರವ ಕಂಡು ಶಿಗ್ಗಾವಿಯ ಆ ಕಟ್ಟೆ ನೆನಪಾಯಿತು. ಅವಳ ಕೈಯಿಂದ ಪೆನ್ನು ಕಸಿದುಕೊಂಡು ಟಾರ್ಚು ಕೊಟ್ಟೆ.

"ನಾ ತಪ್ಪು ಮಾಡೇನಿ ಅಂತ ತಿಳ್ಕೊಂಡು ನೋಡವಾ."