ಗದ್ದಿಗೆಯ ಕಂಬಳಿ ತೊಳೆದದ್ದು

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದಿರಬೇಕು. ಮೈಸೂರಿನ ಕುಂಬಾರಕೊಪ್ಪಲಿನ ತುಂಬಿದ ಮನೆಗೆ ನಾನು ಕಿರಿಸೊಸೆ. ಅಡುಗೆ ಓರಗಿತ್ತಿಯದು, ಹಾಸಿಗೆ ಹೊದಿಕೆ ನನ್ನದು. ಮಕ್ಕಳ ಉಚ್ಚೆ, ಮುದುಕರ ಕಫ, ತಿಗಣೆ ಹೊಸಕಿದ ರಕ್ತ, ಎಲ್ಲವನ್ನೂ ಕೈಯಾರೆ ತೊಳೆದವಳು. ಹೇಸಿಗೆಯಾಗಿ ಊಟ ಬಿಟ್ಟದ್ದು ಮಾತ್ರ ಒಂದೇ ಸಲ.

ನನ್ನ ಮಗಳು ಇನ್ನೂ ಅಂಬೆಗಾಲಿಡದ ಕೂಸು. ಮೈಗೆಲ್ಲ ಕಜ್ಜಿ ಹತ್ತಿತು. ಬೆರಳ ಸಂದಿಯಲ್ಲಿ, ಕಂಕುಳಲ್ಲಿ ಕೀವು. ಹಾಲು ಕುಡಿಯದೆ ಸೊರಗಿತು. ಆಸ್ಪತ್ರೆಯ ನರ್ಸಮ್ಮ ಮನೆಮಂದಿಗೆಲ್ಲ ಗಂಧಕದ ಮುಲಾಮು ಕೊಟ್ಟು, ಮಗು ಮಲಗುವ ಬಟ್ಟೆಯನ್ನೆಲ್ಲ ಕುದಿಸಿ, ಕುದಿಸಲಾಗದ್ದನ್ನು ತೊಳೆದು ಬಿಸಿಲಿಗೆ ಹಾಕಿ ಎಂದರು. ಹಾಗೇ ಮಾಡಿದೆ. ಕಜ್ಜಿ ಇಳಿಯಿತು. ದೇವರಿಗೆ ಕೈಮುಗಿದೆ. ಸ್ವಲ್ಪ ದಿನಕ್ಕೇ ಮತ್ತೆ ಹತ್ತಿತು.

ಆಗ ಕಂಬಳಿಯ ನೆನಪಾಯಿತು. ಹಬ್ಬದ ದಿನ ಅದನ್ನು ಮಡಿಸಿ ಹಾಸಿ, ಮೇಲೆ ದೇವರನ್ನು ಕೂರಿಸುತ್ತಿದ್ದರು. ಅದೇ ನಮ್ಮ ಮನೆಯ ಗದ್ದಿಗೆ. ಉಳಿದ ದಿನ, ದೃಷ್ಟಿ ತಾಗದಿರಲಿ ಎಂದು ಅತ್ತೆ ಎಳೆಮಕ್ಕಳನ್ನು ಅದರ ಮೇಲೆಯೇ ಮಲಗಿಸುವರು. ಉಣ್ಣೆಗೆ ಮೈಲಿಗೆಯಿಲ್ಲವೆಂದು ನಂಬಿಕೆ. ಹಾಗಾಗಿ ಅತ್ತೆ ಮದುವೆಯಾಗಿ ಬಂದಾಗಿನಿಂದ ಅದು ನೀರು ಕಂಡಿರಲಿಲ್ಲ. ಬಿಡಿಸಿ ಮೂಗಿಗೆ ಹಿಡಿದೆ. ಒಡೆದ ಹಾಲು, ಕಮಟು ಎಣ್ಣೆ, ಹಳೆಯ ಉಚ್ಚೆ. ಮಡಿಕೆಯಲ್ಲಿ ನೈವೇದ್ಯದ ಬಾಳೆಹಣ್ಣು ಕೊಳೆತು ಅಂಟಿ, ಅದರಲ್ಲಿ ಹುಳು.

ತೊಳೆಯುತ್ತೇನೆ ಎಂದಾಗ ಅತ್ತೆ ಅಡ್ಡ ನಿಂತರು.

"ದೇವ್ರು ಕುಂತ್ಕಳೋ ಕಂಬ್ಳಿ ಕಣವ್ವ. ಅದ್ಕೆಂತಾ ಕೊಳೆ?"

"ದೇವ್ರಿಗೇ ನೀರು ಹಾಕ್ತೀವಲ್ಲ ಅತ್ತೆಮ್ಮ. ಕಂಬ್ಳಿಗೆ ಯಾಕೆ ಬ್ಯಾಡ?"

ಕೊನೆಗೆ ಅತ್ತೆ, ತೊಳಿ, ಆದರೆ ಕಾಲು ಮಾತ್ರ ತಾಗಿಸಬೇಡ ಎಂದರು. ಆಗುವ ಮಾತೇ ಅದು? ನೆನೆದ ಕಂಬಳಿ ಎಮ್ಮೆಕರುವಿನ ಭಾರ. ಕುದಿಸಿದರೆ ಕುಗ್ಗಿ ಹಲಗೆಯಾಗುತ್ತದೆ. ತಣ್ಣೀರಿಗೆ ಅಂಟುವಾಳದ ನೊರೆ ಹಾಕಿ ತುಳಿದರೇ ಕೊಳೆ ಬಿಡುವುದು. ಹಿತ್ತಲ ಕಲ್ಲುಬಾನಿಯಲ್ಲಿ ಕೈಯಲ್ಲೇ ಹಿಸುಕಿದೆ. ರಟ್ಟೆ ಬಿದ್ದುಹೋಯಿತು. ನೀರು ಗಂಜಲದ ಬಣ್ಣಕ್ಕೆ ತಿರುಗಿ, ಆಮೇಲೆ ಚರಂಡಿಯಂತೆ ಕಪ್ಪಾಯಿತು. ಕೂದಲು, ಸತ್ತ ಜಿರಲೆ, ಜಿಡ್ಡುಗಟ್ಟಿದ ಕುಂಕುಮ ತೇಲಿದವು. ನಾತಕ್ಕೆ ನಾಯಿ ಕೂಡ ದೂರ ಹೋಗಿ ಮಲಗಿತು.

ಅತ್ತೆ ಕೂಸನ್ನು ಸೊಂಟದಲ್ಲಿ ಹೊತ್ತು ಬಂದು ಬಾನಿಗೆ ಬಗ್ಗಿ ನೋಡಿದರು. ಕೂಸು ಕೆನ್ನೆ ಕೆರೆದುಕೊಂಡು ರಕ್ತ ಮಾಡಿಕೊಂಡಿತ್ತು. ಅದನ್ನು ನನ್ನ ಕೈಗೆ ಕೊಟ್ಟರು. ಕಂಬಳಿಯ ಅಂಚನ್ನು, ಆ ಗಲೀಜಿನ ಸಮೇತ, ಕಣ್ಣಿಗೊತ್ತಿಕೊಂಡರು. ಸೀರೆ ಎತ್ತಿ ಕಟ್ಟಿ ಬಾನಿಗೆ ಇಳಿದೇಬಿಟ್ಟರು.

"ತೆಪ್ಪಿದ್ರೆ ನನ್ ತಲೆಗಿರ್ಲಿ, ಸಿವ್ನೆ," ಎಂದು ತುಳಿಯತೊಡಗಿದರು. ಮತ್ತೆ ನನ್ನತ್ತ ತಿರುಗಿ, "ಏನ್ ನೋಡ್ತಾ ನಿಂತ್ಕಂಡೆ? ನೀರ್ ಉಯ್ಯಿ," ಎಂದರು.

ನೀರು ತಿಳಿಯಾಗುವವರೆಗೂ ತುಳಿದರು. ಅಂದು ನನಗೆ ಅನ್ನ ಸೇರಲಿಲ್ಲ. ಅತ್ತೆ ಮಿಂದು ಬಂದು ಹೊಟ್ಟೆ ತುಂಬ ಉಂಡರು. ಕಂಬಳಿ ಒಣಗುವವರೆಗೂ ಮೋಡ ಕಟ್ಟಲಿಲ್ಲ, ಅದೊಂದು ದಯೆ. ಮುಲಾಮು ಮತ್ತೆ ಹಚ್ಚಿದೆ, ಕಜ್ಜಿ ಮರಳಲಿಲ್ಲ, ಅದು ದೊಡ್ಡ ದಯೆ.

ಅಲ್ಲಿಂದಾಚೆಗೆ ಪ್ರತಿ ಹಬ್ಬಕ್ಕೂ ಮುಂಚೆ ಆ ಕಂಬಳಿ ಬಾನಿಗೆ ಇಳಿಯಿತು. ನಾನು ಈಗಲೂ ಪವಿತ್ರವೆಂದು ಯಾರು ಏನು ಕೊಟ್ಟರೂ ಮೊದಲು ಮೂಸಿ, ಆಮೇಲೆ ಕಣ್ಣಿಗೊತ್ತಿಕೊಳ್ಳುತ್ತೇನೆ. ಮೂಗು ಕೊಟ್ಟವನೂ ಅವನೇ ತಾನೇ.