ಕಣ್ಣಾಡಿ ಕೂಡದು

ನನ್ನ ಷಡ್ಡಕ ವಿಷ್ಣುತೀರ್ಥರು ಔಷಧ ಕೊಂಡು ತಂದರೆ ಮೊದಲು ಔಷಧ ಕುಡಿಯುವುದಿಲ್ಲ, ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನು ಓದುತ್ತಾರೆ. ಬಸ್ ಟಿಕೆಟ್ಟಿನ ಹಿಂಭಾಗ, ಲಾಂಡ್ರಿ ರಸೀದಿಯ ಕೆಳಗಿನ ಸಣ್ಣಕ್ಷರ, ಛತ್ರದ ಗೋಡೆಗೆ ಅಂಟಿಸಿದ ಷರತ್ತು, ಯಾವುದನ್ನೂ ಬಿಟ್ಟವರಲ್ಲ. ನನ್ನ ಮಗಳ ಮದುವೆಯಲ್ಲಿ ಮುಹೂರ್ತಕ್ಕೆ ಹತ್ತೇ ನಿಮಿಷವಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು, ಛತ್ರದ ಹದಿನಾಲ್ಕನೆಯ ಷರತ್ತಿನ ಪ್ರಕಾರ ಹೋಮದ ಹೊಗೆ ಊಟದ ಹಾಲ್‌ಗೆ ಹೋಗಕೂಡದು, ನೋಡಿಕೊಂಡಿದ್ದೀಯಾ ಎಂದು ಕೇಳಿದ ಮನುಷ್ಯ. ಹೊಗೆಗೆ ನಾನು ಏನಂತ ಹೇಳಲಿ? ನಾನು ರೈಲ್ವೆಯವನು. ನಮಗೆ ನಿಯಮವೆಂದರೆ ಕೆಂಪು, ಹಸಿರು, ನಡುವೆ ಒಂದು ಹಳದಿ. ಅಲ್ಲಿಗೆ ಮುಗಿಯಿತು.

ಅವರು ಮದ್ರಾಸಿನ ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಷರತ್ತುಗಳನ್ನು ಬರೆಯುವುದು, ಬರೆದ ಷರತ್ತಿಗೆ ಅರ್ಥ ಹೇಳುವುದು, ಎರಡೂ ಅವರದೇ ಕೆಲಸವಾಗಿತ್ತು. ಅದರಲ್ಲಿ ಅವರಿಗೆ ಬಲು ಹೆಮ್ಮೆ. ತಾವು ಬರೆದ ವಾಕ್ಯದಲ್ಲಿ ಎರಡು ಅರ್ಥ ಹುಡುಕಿದವನು ಇನ್ನೂ ಹುಟ್ಟಿಲ್ಲ ಎಂದು ನನ್ನೆದುರು ನೂರು ಸಲ ಹೇಳಿದ್ದಾರೆ. ಹಾಗೆಂದು ಕಲ್ಲುಮನಸ್ಸಿನವರಲ್ಲ. ಒಮ್ಮೆ ಪಲ್ಲಾವರಂನ ಒಬ್ಬ ಹೆಂಗಸಿನ ಹೊಲಿಗೆ ಅಂಗಡಿ ಸುಟ್ಟುಹೋಗಿ, ಆಕೆಯ ಪಾಲಿಸಿಯಲ್ಲಿದ್ದ ಒಂದು ಪದ ಎರಡು ಕಡೆಗೂ ವಾಲುತ್ತಿದ್ದಾಗ, ಇವರು ಮೇಲಧಿಕಾರಿಯ ಜೊತೆ ಮೂರು ವಾರ ಜಗಳವಾಡಿ ಆಕೆಯ ಕಡೆಗೇ ವಾಲಿಸಿದರು. ಬರೆದವರು ನಾವು, ಅರ್ಥವಾಗದ ಹಾಗೆ ಬರೆದದ್ದಕ್ಕೆ ಆಕೆ ಯಾಕೆ ಅಳಬೇಕು ಎಂಬುದು ಅವರ ವಾದ. ಈ ಕಥೆಯನ್ನೂ ನೂರು ಸಲ ಕೇಳಿದ್ದೇನೆ. ಅದು ಇಂಥ ಕೆಲಸಕ್ಕೆ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಅಡ್ಯಾರಿನಲ್ಲಿ ಅವರದೊಂದು ಎರಡಂತಸ್ತಿನ ಮನೆ. ಕೆಳಗೆ ಅವರು ಮತ್ತು ನನ್ನ ನಾದಿನಿ ಜಲಜಾ. ಮೇಲೆ ಉದಯ್ ಎಂಬ ತರುಣ ಬಾಡಿಗೆಗೆ ಸೇರಿ, ಕಂಪ್ಯೂಟರಿನಲ್ಲಿ ಬೊಂಬೆ ಮಾಡುವುದನ್ನು ಕಲಿಸುತ್ತಿದ್ದ. ಪರದೆಯ ಮೇಲೆ ಒಂದು ಬೂದುಬಣ್ಣದ ಗುಂಡು ಇರುತ್ತದೆ. ಅದನ್ನು ಪೆನ್ನಿನಂಥ ಕಡ್ಡಿಯಿಂದ ತಳ್ಳಿ, ಎಳೆದು, ಕೆರೆದು ಮನುಷ್ಯನ ಮುಖ ತೆಗೆಯಬೇಕು. ಕೈಗೆ ಮಣ್ಣು ಅಂಟುವುದಿಲ್ಲ, ಅದೊಂದು ಬಿಟ್ಟರೆ ಎಲ್ಲ ಶಿಲ್ಪಿಯ ಕೆಲಸವೇ. ೨೦೦೭ರ ಜನವರಿಯಲ್ಲಿ ಉದಯ್ ಒಂದು ಸ್ಪರ್ಧೆ ಇಟ್ಟುಕೊಂಡ. ತನ್ನ ವಿದ್ಯಾರ್ಥಿಗಳಷ್ಟೇ ಅಲ್ಲ, ಹೊರಗಿನವರೂ ಬರಬಹುದು. ಗೆದ್ದವರಿಗೆ ವಡಪಳನಿಯ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಆರು ತಿಂಗಳ ತರಬೇತಿ, ಆಮೇಲೆ ಅಲ್ಲೇ ಕೆಲಸ. ಇಂಥ ಬಹುಮಾನವಿದ್ದ ಮೇಲೆ ನಿಯಮಗಳು ಗಟ್ಟಿಯಾಗಿರಬೇಕಲ್ಲ? ನಿಯಮ ಬರೆಯುವವರು ಮೆಟ್ಟಿಲ ಕೆಳಗೇ ಇದ್ದರು.

ಉದಯ್ ಉಡುಪಿ ಕಡೆಯವರ ಮಗನಾದರೂ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವನ ಕನ್ನಡ ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತಿಬಿಡುತ್ತದೆ. ವಿಷ್ಣುತೀರ್ಥರು ಪ್ಯಾಡು ಹಿಡಿದು ಕೂತರೆ, ಅವನು ಮೊಬೈಲ್ ನೋಡುತ್ತ ಒಂದೊಂದೇ ನಿಯಮ ಹೇಳಿದನಂತೆ. ಆರು ಗಂಟೆ ಕಾಲಾವಕಾಶ. ಮನೆಯಿಂದ ಏನೂ ತರಬಾರದು. ಎಲ್ಲರೂ ಅದೇ ಗುಂಡಿನಿಂದಲೇ ಶುರು ಮಾಡಬೇಕು. ಕೊನೆಗೆ ಏಳುತ್ತ ಹೇಳಿದ:

"ಮಾಮಾ, ಮುಖ್ಯವಾದ್ದು ಬಿಟ್ಟೆ. ಕಣ್ಣಾಡಿ ಕೂಡಾದು. ಕಣ್ಣಾಡಿ ಹಾಕಿದ್ರೆ ಔಟ್."

ಧಾರವಾಡದಿಂದ ನಿನ್ನೆ ರೈಲಿಳಿದವನಾಗಿದ್ದರೆ ಇದನ್ನು ಸರಿಯಾಗಿಯೇ ಬರೆದುಕೊಳ್ಳುತ್ತಿದ್ದ. ಕನ್ನಡಿ ಎಂದು ಕೇಳಿಸುತ್ತಿತ್ತು, ಕನ್ನಡಿ ಎಂದೇ ಬರೆಯುತ್ತಿದ್ದ. ಉದಯ್ ಹೇಳಿದ್ದೂ ಅದನ್ನೇ, ತಮಿಳಿನಲ್ಲಿ ಕನ್ನಡಿಗೂ ಕಣ್ಣಾಡಿ ಎಂದೇ ಹೆಸರು. ಆ ಕಂಪ್ಯೂಟರಿನಲ್ಲಿ ಕನ್ನಡಿ ಎಂಬ ಒಂದು ಸವಲತ್ತು ಇದೆ. ಅದನ್ನು ಹಾಕಿಕೊಂಡು ಎಡಗೆನ್ನೆಯನ್ನು ತಿದ್ದಿದರೆ ಬಲಗೆನ್ನೆ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ, ಅರ್ಧ ಕೆಲಸಕ್ಕೆ ಇಡೀ ಮುಖ ಸಿಗುತ್ತದೆ. ಆದರೆ ನಿಜವಾದ ಮನುಷ್ಯನ ಮುಖ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಅದಕ್ಕೇ ಅದು ಬೇಡ ಎಂದು ಉದಯ್ ತನ್ನ ಹುಡುಗರಿಗೆ ಕ್ಲಾಸಿನಲ್ಲೂ ಹೇಳಿದ್ದ.

ವಿಷ್ಣುತೀರ್ಥರದು ಅಜ್ಜನ ಕಾಲದಲ್ಲಿ ಬಳ್ಳಾರಿಯಿಂದ ಮದ್ರಾಸಿಗೆ ಬಂದ ಮನೆತನ. ನಮ್ಮ ಮನೆಗಳಲ್ಲಿ ಕನ್ನಡಕ ಎಂಬ ಪದ ಪುಸ್ತಕದಲ್ಲಷ್ಟೇ ಇದೆ. ಮೂಗಿನ ಮೇಲೆ ಕೂರುವುದಕ್ಕೆ ತಮಿಳರ ಹಾಗೆ ನಾವೂ ಕಣ್ಣಾಡಿ ಅನ್ನುತ್ತೇವೆ. "ನನ್ನ ಕಣ್ಣಾಡಿ ಎಲ್ಲಿ" ಎಂದು ವಿಷ್ಣುತೀರ್ಥರು ದಿನಕ್ಕೆ ಹತ್ತು ಸಲ ಕೂಗುತ್ತಾರೆ, ಅದು ಹಣೆಯ ಮೇಲೇ ಇರುತ್ತದೆ. ಹಾಗಾಗಿ ನಿಯಮಾವಳಿಯ ಒಂಬತ್ತನೆಯ ಷರತ್ತು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೀಗೆ ಹೇಳಿತು: ಸ್ಪರ್ಧಿ ಮಾಡುವ ಮುಖಕ್ಕೆ ಕನ್ನಡಕ ಇರಕೂಡದು.

ಅವರಿಗೆ ಅನುಮಾನವೇ ಬರಲಿಲ್ಲ. ಮುಖದಲ್ಲಿ ಮಾಡಲು ಕಷ್ಟವಾದದ್ದು ಕಣ್ಣು, ಮೈಗಳ್ಳರು ಅದನ್ನು ಕನ್ನಡಕದ ಹಿಂದೆ ಬಚ್ಚಿಡುತ್ತಾರೆ, ಅದಕ್ಕೇ ಈ ನಿಯಮ ಎಂದು ಕಾರಣವನ್ನೂ ತಾವೇ ಹುಡುಕಿಕೊಂಡರು. ಜಲಜಾ ಕರಡು ಓದಿ, ಕಾಫಿ ಲೋಟ ಕೆಳಗಿಟ್ಟು ಕೇಳಿದರು.

"ಅಲ್ಲಾಂದ್ರೆ, ಕಣ್ಣಾಡಿ ಯಾರಿಗೇನು ಮಾಡಿತು? ಮುದುಕರ ಮುಖ ಮಾಡೋ ಮಕ್ಕಳು ಎಲ್ಲಿಗೆ ಹೋಗಬೇಕು?"

ಇದು ಟೆಕ್ನಿಕಲ್ ವಿಷಯ, ನಿನಗೆ ತಿಳಿಯುವುದಿಲ್ಲ ಎಂದು ಉತ್ತರ ಬಂತು. ತಿಳಿದವನು ಉದಯ್. ಅವನು ಓದದೆಯೇ ಸಹಿ ಹಾಕಿ ಐವತ್ತು ಪ್ರತಿ ತೆಗೆಸಿದ.

ಸ್ಪರ್ಧೆಯ ದಿನ ನಾನೂ ಹೋಗಿದ್ದೆ. ಕೆಲಸವೇನೂ ಇರಲಿಲ್ಲ, ಜಲಜಾ ಬಿಸಿಬೇಳೆ ಭಾತ್ ಮಾಡಿದ್ದರು. ಹದಿನಾರು ಜನ ಸ್ಪರ್ಧಿಗಳು, ಅದರಲ್ಲಿ ಹನ್ನೊಂದು ಉದಯ್‌ನ ವಿದ್ಯಾರ್ಥಿಗಳು, ಐದು ಹೊರಗಿನವರು. ತೀರ್ಪು ಕೊಡಲು ಸ್ಟುಡಿಯೋದಿಂದ ನೀರಜಾ ಎಂಬಾಕೆ ಬಂದಿದ್ದರು. ವಿಷಯವನ್ನು ಬೆಳಿಗ್ಗೆಯೇ ಬಿಚ್ಚಿದ್ದು: ಕೋಯಂಬೇಡು ಮಾರ್ಕೆಟ್ಟಿನಲ್ಲಿ ಕಾಣುವ ಒಂದು ಮುಖ. ವಿಷ್ಣುತೀರ್ಥರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು, ಸಾಲುಗಳ ನಡುವೆ ಪರೀಕ್ಷೆಯ ಮೇಲ್ವಿಚಾರಕರಂತೆ ಓಡಾಡಿದರು. ಬಹಳ ಸುಖವಾಗಿದ್ದರು, ಅದನ್ನು ನೋಡಿ ನನಗೂ ಖುಷಿಯಾಯಿತು.

ಕಿಟಕಿಯ ಹತ್ತಿರ ಕೂತವಳು ವೃಂದಾ. ಪಲ್ಲಾವರಂನ ಕನ್ನಡದವರ ಹುಡುಗಿ, ಕೊನೆಯ ವರ್ಷದ ಬಿ.ಕಾಂ., ಈ ವಿದ್ಯೆಯನ್ನು ಮನೆಯ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ತಾನೇ ಕಲಿತದ್ದು. ಊಟದ ಹೊತ್ತಿಗೆ ಜಲಜಾ ಅವಳ ಜಾತಕವನ್ನೆಲ್ಲ ಹೊರಗೆ ತೆಗೆದಿದ್ದರು. ಇದರಲ್ಲಿ ಗೆಲ್ಲದಿದ್ದರೆ ಸೋಮವಾರದಿಂದ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು. ಅಪ್ಪ ಫಾರಂ ಕೂಡ ತುಂಬಿಸಿಟ್ಟಿದ್ದರು.

ನಾಲ್ಕು ಗಂಟೆಗೆ ನೀರಜಾ ಇಬ್ಬರನ್ನು ಆರಿಸಿದರು. ಒಬ್ಬ ಉದಯ್‌ನ ವಿದ್ಯಾರ್ಥಿ ಗುರುಚರಣ. ಅವನು ಒಂದು ದವಡೆಯಲ್ಲಿ ಎಲೆ ಅಡಿಕೆ ಒತ್ತಿಕೊಂಡ ಈರುಳ್ಳಿ ದಲ್ಲಾಳಿಯನ್ನು ಮಾಡಿದ್ದ, ದಪ್ಪ ಫ್ರೇಮಿನ ಕನ್ನಡಕ ಸಮೇತ. ಇನ್ನೊಬ್ಬಳು ವೃಂದಾ. ಅವಳದು ನಿಂಬೆಹಣ್ಣು ಮಾರುವ ಮುದುಕಿ. ಮುದುಕಿಗೆ ಕನ್ನಡಕವಿರಲಿಲ್ಲ, ಆದರೆ ಮೂಗಿನ ಎರಡು ಬದಿಯಲ್ಲೂ ಕನ್ನಡಕ ಕೂತು ಕೂತು ಬಿದ್ದ ಸಣ್ಣ ಗುಳಿಗಳಿದ್ದವು. ಕಣ್ಣು ಸ್ವಲ್ಪ ಕಿರಿದಾಗಿ ನಮ್ಮನ್ನು ಗುರುತಿಸಲು ನೋಡುತ್ತಿತ್ತು. ನನ್ನ ತಾಯಿ ಸ್ನಾನಕ್ಕೆ ಹೋಗುವ ಮುಂಚೆ ಕನ್ನಡಕ ತೆಗೆದಿಟ್ಟು ಹೀಗೇ ನೋಡುತ್ತಿದ್ದರು. ಆ ಗುಳಿಗಳಿಗೇ ಮೊದಲ ಬಹುಮಾನ ಎಂದರು ನೀರಜಾ.

ಆಮೇಲೆ ಆಕೆ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದರು. ಎಡಗುಳಿ ಹೇಗೋ ಬಲಗುಳಿಯೂ ಹಾಗೇ ಇತ್ತು. ಎಡಗಣ್ಣಿನ ಪಕ್ಕದ ಗೆರೆ ಎಲ್ಲಿ ಕವಲೊಡೆದಿತ್ತೋ ಬಲಗಣ್ಣಿನ ಗೆರೆಯೂ ಅಲ್ಲೇ ಒಡೆದಿತ್ತು. ಉದಯ್ ಬಂದು, ಕಣ್ಣಾಡಿ ಹಾಕಿದೆಯಾ ಎಂದು ಹುಡುಗಿಯನ್ನು ಕೇಳಿದ. ಅವಳು ಕಣ್ಣರಳಿಸಿದಳು.

"ಇಲ್ಲ ಸಾರ್. ಆ ನಿಂಬೆಹಣ್ಣಿನ ಪಾಟಿ ನಿಜವಾಗ್ಲೂ ಕಣ್ಣಾಡಿ ಹಾಕ್ತಾರೆ, ದಾರ ಕಟ್ಟಿ. ರೂಲ್‌ನಲ್ಲಿ ಕೂಡದು ಅಂತ ಇತ್ತಲ್ಲ, ತೆಗ್ದುಬಿಟ್ಟೆ."

ಅದಲ್ಲಮ್ಮಾ, ಮಿರರ್ ಎಂದ ಉದಯ್. ಅದನ್ನು ಹಾಕಿಕೊಂಡೇ ಮಾಡಿದ್ದು, ಕೂಡದು ಅಂತ ಎಲ್ಲಿದೆ ಎಂದು ಅವಳು ಕೇಳಿದಳು. ಚೀಲದಿಂದ ನಿಯಮದ ಹಾಳೆ ತೆಗೆದು ಬಿಡಿಸಿದಳು. ನಾಲ್ಕಾಗಿ ಮಡಚಿದ್ದ ಆ ಹಾಳೆಯಲ್ಲಿ ಪ್ರತಿ ಷರತ್ತಿನ ಕೆಳಗೂ ಪೆನ್ಸಿಲ್ ಗೆರೆ ಇತ್ತು.

ವಿಷ್ಣುತೀರ್ಥರು ಒಂಬತ್ತನೆಯ ಷರತ್ತನ್ನು ಓದಿದರು. ಇನ್ನೊಮ್ಮೆ ಓದಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ. ಬೇರೆ ದಿನವಾಗಿದ್ದರೆ ಈ ಗಾದೆಯನ್ನು ನಾನು ಗಟ್ಟಿಯಾಗಿಯೇ ಹೇಳುತ್ತಿದ್ದೆ.

ಗಂಟು ಹೀಗೆ ಬಿದ್ದಿತ್ತು. ಬಾಯಲ್ಲಿ ಹೇಳಿದ ನಿಯಮ ಹಿಡಿದರೆ ವೃಂದಾ ಔಟ್, ಅವಳು ಕನ್ನಡಿ ಹಾಕಿದ್ದಳು. ಅಚ್ಚಾದ ನಿಯಮ ಹಿಡಿದರೆ ಗುರುಚರಣ ಔಟ್, ಅವನ ದಲ್ಲಾಳಿ ಕನ್ನಡಕ ಹಾಕಿದ್ದ. ಗುರುಚರಣ ಹಾಳೆಯನ್ನು ಓದಿಯೇ ಇರಲಿಲ್ಲ, ಮೇಷ್ಟ್ರು ಹೇಳಿದ್ದು ಸಾಕು ಅಂದುಕೊಂಡಿದ್ದ. ಹೊರಗಿನಿಂದ ಬಂದ ವೃಂದಾಗೆ ಮೇಷ್ಟ್ರು ಏನೂ ಹೇಳಿರಲಿಲ್ಲ, ಅವಳಿಗೆ ಹಾಳೆಯೊಂದೇ ಗತಿ.

ಉದಯ್ ಒಳ್ಳೆಯ ಹುಡುಗ. ವಿಷ್ಣುತೀರ್ಥರನ್ನು ಬಾಗಿಲ ಮರೆಗೆ ಕರೆದು, ಟೈಪ್ ಮಾಡಿದವರ ತಪ್ಪು ಅಂದುಬಿಡೋಣ ಮಾಮಾ, ನಿಮ್ಮ ಹೆಸರು ಬೇಡ, ಕ್ಲಾಸಿನಲ್ಲಿ ಹೇಳಿದ್ದೇ ನಿಯಮ ಅಂತ ಮುಗಿಸೋಣ ಎಂದ. ನಾನು ಅಲ್ಲೇ ಇದ್ದೆ. ನಿಜ ಹೇಳಬೇಕೆಂದರೆ, ನಾನಾಗಿದ್ದರೆ ಹೂಂ ಅನ್ನುತ್ತಿದ್ದೆ. ಮೂವತ್ತನಾಲ್ಕು ವರ್ಷದ ಹೆಸರು ಉಳಿಯುತ್ತಿತ್ತು, ಹುಡುಗಿ ಸೋಮವಾರ ಕೋಚಿಂಗಿಗೆ ಹೋಗುತ್ತಿದ್ದಳು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ವಿಷ್ಣುತೀರ್ಥರು ಕೈಯಲ್ಲಿದ್ದ ಹಾಳೆಯ ಪೆನ್ಸಿಲ್ ಗೆರೆಗಳನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಎಲ್ಲರ ಮುಂದೆ ನಿಂತರು.

"ಟೈಪ್ ಮಾಡಿದವನು ನಾನು, ಬರೆದವನೂ ನಾನೇ. ಕನ್ನಡಿ ಅಂತ ಬರೀಬೇಕಾದ ಕಡೆ ಕನ್ನಡಕ ಅಂತ ಬರೆದೆ. ಈ ಹುಡುಗಿ ನಾನು ಬರೆದದ್ದನ್ನ ನಂಬಿದಳು, ಆ ಹುಡುಗ ಮೇಷ್ಟ್ರು ಹೇಳಿದ್ದನ್ನ ನಂಬಿದ. ನಂಬಿದವರಿಗೆ ಶಿಕ್ಷೆ ಅಂತ ನಾನು ಒಂದು ನಿಯಮಾನೂ ಬರೆದವನಲ್ಲ, ಇವತ್ತೂ ಬರೆಯಲ್ಲ."

ಅರ್ಥವಾಗದವರಿಗಾಗಿ ಇದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದರು. ಹಾಗಾದರೆ ಏನು ಮಾಡುವುದು ಎಂದು ನೀರಜಾ ಕೇಳಿದರು. ಅದಕ್ಕೂ ಅವರ ಹತ್ತಿರ ಕಚೇರಿಯ ಪಾಠವೇ ಇತ್ತು. ವಿಮೆಯ ಕೆಲಸ ಯಾರನ್ನೂ ಉದ್ಧಾರ ಮಾಡುವುದಲ್ಲ, ನಷ್ಟವಾಗುವ ಮುಂಚೆ ಎಲ್ಲಿದ್ದರೋ ಅಲ್ಲಿಗೆ ತಂದು ನಿಲ್ಲಿಸುವುದು, ಅಷ್ಟೇ. ಹುಡುಗಿ ಕಳೆದುಕೊಂಡದ್ದು ಕನ್ನಡಕ, ಹುಡುಗ ಕಳೆದುಕೊಂಡದ್ದು ಕನ್ನಡಿ. ಇಬ್ಬರಿಗೂ ಒಂದು ಗಂಟೆ ಹೆಚ್ಚಿಗೆ ಕೊಡಿ. ಅವಳು ಕನ್ನಡಕ ಹಾಕಲಿ, ಅವನು ಕನ್ನಡಿ ಹಾಕಲಿ. ಆಮೇಲೆ ನೋಡಿ ತೀರ್ಪು ಕೊಡಿ. ಗುರುಚರಣನನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡು, ನನಗೆ ಓಕೆ ಎಂದ. ಇಷ್ಟಾದ ಮೇಲೆ ವಿಷ್ಣುತೀರ್ಥರು, ತಾವಿದ್ದರೆ ಸರಿಯಲ್ಲವೆಂದು ಕೆಳಗಿಳಿದು ಹೋಗಿಬಿಟ್ಟರು.

ನಾನು ಅಲ್ಲೇ ಉಳಿದೆ. ಗುರುಚರಣ ಕನ್ನಡಿ ಹಾಕಿದೊಡನೆ ದಲ್ಲಾಳಿಯ ಎರಡು ದವಡೆಯಲ್ಲೂ ಎಲೆ ಅಡಿಕೆ ತುಂಬಿಕೊಂಡಿತು. ಅವನೇ ಬಿದ್ದು ಬಿದ್ದು ನಕ್ಕು ಅದನ್ನು ತೆಗೆದು, ಉಳಿದ ಹೊತ್ತು ಮೀಸೆ ತಿದ್ದಿದ. ವೃಂದಾ ಮುದುಕಿಗೆ ಕನ್ನಡಕ ಮಾಡಿ, ಮೂಗಿನ ಮೇಲೆ ಕೂರಿಸಿ, ಬಹಳ ಹೊತ್ತು ನೋಡಿದಳು. ಗುಳಿಗಳು ಮುಚ್ಚಿಹೋಗಿದ್ದವು. ಆಮೇಲೆ ಅದನ್ನು ಮೇಲೆತ್ತಿ ಹಣೆಯ ಮೇಲಿಟ್ಟಳು, ಕನ್ನಡಿ ಆಫ್ ಮಾಡಿ ಕನ್ನಡಕವನ್ನು ಸ್ವಲ್ಪ ಓರೆ ಮಾಡಿದಳು. ಮುದುಕಿ ತನ್ನ ಕನ್ನಡಕವನ್ನು ತಾನೇ ಹುಡುಕುತ್ತಿರುವಂತಾಯಿತು. ನಾನು ನಕ್ಕದ್ದಕ್ಕೆ ಅವಳು ತಿರುಗಿ ನೋಡಿದಳು. ಕೆಳಗಿರುವ ಒಬ್ಬರ ನೆನಪಾಯಿತು ಎಂದೆ. ನನಗೂ ಅವರದೇ ನೆನಪಾದದ್ದು ಎಂದಳು, ಬೆಳಿಗ್ಗೆಯಿಂದ ಹಣೆಯ ಮೇಲೆ ಇಟ್ಟುಕೊಂಡೇ ಹುಡುಕುತ್ತಿದ್ದರಲ್ಲ.

ಬಹುಮಾನ ವೃಂದಾಗೇ ಬಂತು. ಮೊದಲು ಕೈ ತಟ್ಟಿದವನು ಗುರುಚರಣ. ನಾನು ಸುದ್ದಿ ಹೇಳಲು ಕೆಳಗೆ ಹೋದಾಗ ವಿಷ್ಣುತೀರ್ಥರು ವರಾಂಡದಲ್ಲಿ ಆ ಮಡಚಿದ ಹಾಳೆ ಹಿಡಿದುಕೊಂಡೇ ಕೂತಿದ್ದರು. ಗೆದ್ದಳು ಎಂದೆ. ಅವರ ಕಣ್ಣು ತುಂಬಿತ್ತು.

"ಮೂವತ್ತನಾಲ್ಕು ವರ್ಷ ಬರೆದೆ, ರಾಮದಾಸ. ಪೂರ್ತಿ ಓದಿದವರನ್ನ ಇವತ್ತೇ ನೋಡಿದ್ದು. ಅವಳಿಗೇ ನಾನು ತಪ್ಪು ಬರೆದುಕೊಟ್ಟಿದ್ದೆ ನೋಡು."

ಸೋಮವಾರ ವೃಂದಾ ವಡಪಳನಿಯ ಬಸ್ಸು ಹತ್ತಿದಳು. ಮರುವರ್ಷವೂ ಸ್ಪರ್ಧೆ ನಡೆಯಿತು, ನಿಯಮ ಬರೆದವರು ವಿಷ್ಣುತೀರ್ಥರೇ. ಕನ್ನಡಿಯ ಮಾತು ಈ ಸಲ ಸರಿಯಾಗಿ ಎಂಟರಲ್ಲಿ ಬಂತು. ಒಂಬತ್ತನೆಯ ಷರತ್ತು ಹೊಸದು: ಈ ಹಾಳೆಯಲ್ಲಿ ತಪ್ಪಿದ್ದರೆ ಅದು ಬರೆದವನ ತಪ್ಪು, ಓದಿದವರಿಗೆ ಅದರಿಂದ ನಷ್ಟವಾಗಕೂಡದು. ಅಚ್ಚಿಗೆ ಕೊಡುವ ಮುಂಚೆ ಅವರೇ ಹಾಳೆಯನ್ನು ಅಡುಗೆಮನೆಗೆ ಒಯ್ದು ಜಲಜಾಗೆ ಕೊಟ್ಟರು. ಆಕೆ ಕೈ ಒರೆಸಿಕೊಂಡು, ಗಂಡನ ಹಣೆಯ ಮೇಲಿದ್ದ ಕಣ್ಣಾಡಿಯನ್ನು ತೆಗೆದು ತಮ್ಮ ಮೂಗಿಗೆ ಏರಿಸಿ, ಒಂದನೆಯದರಿಂದ ಓದತೊಡಗಿದರು. ಮುಗಿಯುವವರೆಗೂ ವಿಷ್ಣುತೀರ್ಥರು ಬಾಗಿಲಲ್ಲೇ ನಿಂತಿದ್ದರು.