ದೋಸೆಗೆ ರೇಷನ್ ಅಕ್ಕಿ

"ನೋಡಿ ಮಾರಾಯ್ರೆ, ಸರಕಾರ ಅಂದ್ರೆ ನಮ್ಮ ಬಿಲ್ಡಿಂಗ್ ಸೊಸೈಟಿಯ ನೀರಿನ ಟಾಂಕಿ ಇದ್ದ ಹಾಗೆ. ಮೇಲಿಂದ ಬೀಳುವುದಕ್ಕೂ ಕೆಳಗೆ ನಳ್ಳಿಯಲ್ಲಿ ಹೋಗುವುದಕ್ಕೂ ಸರಿದೂಗಬೇಕು. ಇಲ್ಲದಿದ್ರೆ ಟ್ಯಾಂಕರ್ ತರಿಸಬೇಕು. ಟ್ಯಾಂಕರ್ ಅಂದ್ರೆ ಸಾಲ. ದಿಲ್ಲಿಯವರು ವರ್ಷವೂ ಟ್ಯಾಂಕರ್ ತರಿಸ್ತಾರೆ, ನಳ್ಳಿ ಬಿಗಿ ಮಾಡುವ ಧೈರ್ಯ ಇಲ್ಲ. ಇಲ್ಲದವರಿಗೆ ಕೊಡಿ, ಯಾರು ಬೇಡ ಅಂದದ್ದು? ಇದ್ದವನೂ ಕೈಯೊಡ್ಡಿದ್ರೆ ಆಗುದುಂಟಾ? ನಾನು ಕಲ್ಯಾಣ್ ಸ್ಟೇಷನ್ನಿನ ಹೋಟ್ಲಲ್ಲಿ ಗ್ಲಾಸು ತೊಳೆದು ಮೇಲೆ ಬಂದವ. ಧರ್ಮದ ಒಂದು ತುತ್ತು ತಿಂದವನಲ್ಲ!"

ಆ ವರ್ಷ ಬಜೆಟ್ ಭಾನುವಾರ ಬಂದಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯ ತಮ್ಮ ಫ್ಲಾಟಿನಲ್ಲಿ, ದೋಸೆಗೆ ಬಂದ ನೆರೆಯವರೆದುರು, ಪುಂಡರೀಕಾಕ್ಷರು ಟಿವಿಯ ಸದ್ದು ತಗ್ಗಿಸಿ ತಾವೇ ಮಾತಾಡುತ್ತಿದ್ದರು. ಅಂಬರನಾಥದ ಕಾರ್ಖಾನೆಗಳ ಎದುರು ಅವರ ಹೋಟೆಲು ಇಪ್ಪತ್ತು ವರ್ಷದಿಂದ ಚೆನ್ನಾಗಿ ನಡೆಯುತ್ತಿತ್ತು. ಅವರು ಬಾಯಿ ತೆರೆದರೆ ಸೊಸೈಟಿಯವರು ಕಿವಿಗೊಡುತ್ತಿದ್ದರು. ಅವರಿಗೆ ಇದ್ದ ಹೆಮ್ಮೆ ಅದೊಂದೇ.

ಮೂರನೆಯ ದೋಸೆ ಮುರಿಯುತ್ತ ಪಕ್ಕದ ಮನೆಯ ವಸಂತಕುಮಾರ ಕೇಳಿದ, "ಸುಗುಣಕ್ಕ, ಇದು ಯಾವ ಅಕ್ಕಿ? ನಮ್ಮನೇಲಿ ಹೀಗೆ ಗರಿಗರಿ ಬರುದೇ ಇಲ್ಲ."

"ಎಂಥ ಅಕ್ಕಿ, ರೇಷನಿಂದು," ಎಂದರು ಪುಂಡರೀಕಾಕ್ಷರ ಹೆಂಡತಿ ಸುಗುಣಾ, ಕಾವಲಿಯ ಮುಂದಿನಿಂದಲೇ. "ದೋಸೆಗೆ ಅದೇ ಆಗ್ಬೇಕು."

"ಈ ಪುಕ್ಕಟೆ ಕೊಡ್ತಾರಲ್ಲ, ಅದಾ?" ವಸಂತಕುಮಾರನಿಗೆ ನಗು ತಡೆಯಲಾಗಲಿಲ್ಲ. "ಪುಂಡ್ರಿಯಣ್ಣ, ಟಾಂಕಿಯ ತೂತು ನಿಮ್ಮ ಅಡುಗೆಮನೆಯಲ್ಲೇ ಉಂಟಲ್ಲ ಮಾರಾಯ್ರೆ!"

ಎಲ್ಲರೂ ನಕ್ಕರು. ಪುಂಡರೀಕಾಕ್ಷರೂ ನಗಲು ನೋಡಿದರು, ತುಟಿ ಅಲ್ಲಾಡಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿದ್ದಾಗ, ಮಕ್ಕಳು ಚಿಕ್ಕವರಿದ್ದಾಗ ಮಾಡಿಸಿದ ಕಾರ್ಡು ಅದು. ಆಮೇಲೆ ಹೋಟೆಲಾಯಿತು, ಫ್ಲಾಟಾಯಿತು, ಕಾರ್ಡು ಮಾತ್ರ ಹಾಗೇ ಉಳಿಯಿತು. ತಿಂಗಳು ತಿಂಗಳೂ ಹೆಬ್ಬೆಟ್ಟು ಒತ್ತಿ ಚೀಲ ಹೊತ್ತು ತರುವವರು ಅವರೇ. ಅದೂ ಸರಕಾರದ ಖರ್ಚು ಎಂದು ಒಂದು ದಿನವೂ ಹೊಳೆದಿರಲಿಲ್ಲ. ರೇಷನ್ ಅಂದರೆ ರೇಷನ್, ಅಷ್ಟೇ.

ಬಂದವರು ಹೋದ ಮೇಲೆ, ಪಾತ್ರೆ ತಿಕ್ಕುತ್ತಿದ್ದ ಮನೆಗೆಲಸದ ಹೆಂಗಸು ಗಂಗಾಳ ಬಳಿ ನಿಂತು ಪುಂಡರೀಕಾಕ್ಷರು ಕೇಳಿದರು, "ನಿಂಗೆ ರೇಷನ್ ಸಿಗ್ತದಲ್ಲ?"

ಬಿಜಾಪುರದ ಕಡೆಯ ಗಂಗಾ ತಲೆ ಎತ್ತಲಿಲ್ಲ. "ಇಲ್ರೀ ಸಾಹೇಬ್ರ. ಕೋಟಾ ತುಂಬೈತಂತ. ಯಾರರೆ ಕಾರ್ಡ್ ಬಿಟ್ರ ನಮ್ಮ ಹೆಸರು ಹಚ್ತಾರಂತ. ಎರಡು ವರ್ಷಾತು. ಯಾರ್ ಬಿಡ್ತಾರ್ರೀ?"

ಅವಳು ತಿಕ್ಕುತ್ತಿದ್ದುದು ದೋಸೆಹಿಟ್ಟಿನ ಪಾತ್ರೆ.

ಮರುದಿನ ಅವರು ಹೋಟೆಲಿಗೆ ಹೋಗಲಿಲ್ಲ. ರೇಷನ್ ಕಚೇರಿಯ ಸಾಲಿನಲ್ಲಿ, ಗಂಗಾಳಂಥ ಹೆಂಗಸರ ಹಿಂದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತರು. ಕಾರ್ಡು ರದ್ದು ಮಾಡಿ ಎಂಬ ಅರ್ಜಿ ನೋಡಿ ಗುಮಾಸ್ತ ಕಣ್ಣರಳಿಸಿದ. "ಬೇಡವಾ? ಯಾವಾಗಿನಿಂದ ಬೇಡ, ಕಾಕಾ?" ಎಂದು ಮರಾಠಿಯಲ್ಲಿ ಕೇಳಿದ. ಅವನು ಕೇಳಿದ್ದು ಸಹಜವಾಗಿಯೇ. ಹಿಂದಿದ್ದ ಹೆಂಗಸರು ಇಣುಕಿದರು. ಹೋಟೆಲು ಹಾಕಿದಂದಿನಿಂದ, ಇಪ್ಪತ್ತು ವರ್ಷ, ಎಂದು ಪುಂಡರೀಕಾಕ್ಷರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸಹಿ ಹಾಕಿ ತಲೆ ತಗ್ಗಿಸಿ ಹೊರಬಂದರು.

ಬರುವಾಗ ಕಿರಾಣಿ ಅಂಗಡಿಯಿಂದ ಅಕ್ಕಿ ತಂದರು. ಸುಗುಣಾ ಪಾತ್ರೆ ಮುಂದಿಟ್ಟರು. ಅವರು ಅಕ್ಕಿ ಸುರಿದು ಮೂರು ನೀರಿನಲ್ಲಿ ತೊಳೆದರು. ಚಿಟಿಕೆ ಮೆಂತೆ ಹಾಕಿ, ಅಕ್ಕಿ ಮುಳುಗುವಷ್ಟು ನೀರು ಬಿಟ್ಟು, ನಳ್ಳಿ ಬಿಗಿ ಮಾಡಿದರು.